ನೆಲದ ಕೆಳಗೊಂದು ಮಾಚು ಪಿಚ್ಚು

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಅಕ್ಟೋಬರ್ ಕಳೆಯಿತೆಂದರೆ ಮಳೆಗಾಲದ ಸುಳಿವು. ಪೂರ್ವದ ಅಮೆಜಾನ್ ಕಾಡುಗಳ ಮೇಲಿಂದ ತೇವ ಹೊತ್ತು ಬರುವ ಗಾಳಿ ಆಂಡೀಸ್ ಪರ್ವತಗಳಿಗೆ ಬಡಿದು ಮೇಲೇರುತ್ತದೆ. ಏರಿದಂತೆಲ್ಲ ತಣಿಯುತ್ತದೆ. ತಣಿದ ಗಾಳಿ ತಾನು ಹೊತ್ತ ನೀರನ್ನು ಹಿಡಿದಿಟ್ಟುಕೊಳ್ಳಲಾರದೆ ಕಣಿವೆಗಳ ಮೇಲೆ ಸುರಿದುಬಿಡುತ್ತದೆ. ಮಾರ್ಚ್ ಮುಗಿಯುವವರೆಗೂ ಹೀಗೆಯೇ. ಆ ದಿನಗಳಲ್ಲಿ ಉರುಬಂಬಾ ನದಿ ಮಣ್ಣಿನ ಬಣ್ಣ ತಾಳಿ ಮೊರೆಯುತ್ತಾ ಹರಿಯುತ್ತದೆ. ನದಿಯಿಂದ ಸುಮಾರು 450 ಮೀಟರ್ ಮೇಲೆ, ಎರಡು ಶಿಖರಗಳ ನಡುವೆ ಕುದುರೆಯ ಜೀನಿನಂತೆ ತಗ್ಗಿದ ಕಿರಿದಾದ ದಿಣ್ಣೆ. ಮೋಡದ ತೆರೆ ಸರಿದಾಗ ಅಲ್ಲೊಂದು ಊರು ಕಾಣಿಸುತ್ತದೆ. ಅದೇ ಮಾಚು ಪಿಚ್ಚು.

ಸಮುದ್ರ ಮಟ್ಟದಿಂದ 2,430 ಮೀಟರ್ ಎತ್ತರದಲ್ಲಿರುವ ಈ ಊರಿನ ಮೇಲೆ ವರ್ಷಕ್ಕೆ ಹತ್ತಿರ ಹತ್ತಿರ 2,000 ಮಿಲಿಮೀಟರ್ ಮಳೆ ಬೀಳುತ್ತದೆ. ಎರಡೂ ಪಕ್ಕ ಪ್ರಪಾತ. ಇಂಥ ಜಾಗದಲ್ಲಿ ಅಜಾಗರೂಕತೆಯಿಂದ ಮನೆ ಕಟ್ಟಿದರೆ ನಾಲ್ಕಾರು ಮಳೆಗಾಲದಲ್ಲಿ ಗೋಡೆ ಸಮೇತ ನದಿಗೆ ಜಾರಬೇಕು. ಆದರೆ ಮಾಚು ಪಿಚ್ಚು ಐನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಕಂಡಿದೆ. ಅವುಗಳಲ್ಲಿ ಸುಮಾರು ನಾನೂರನ್ನು ಹೇಳಿಕೊಳ್ಳುವಂಥ ದುರಸ್ತಿಯೇ ಇಲ್ಲದೆ ಕಳೆದಿದೆ. ಹುಲ್ಲಿನ ಮಾಡುಗಳು ಕೊಳೆತು ಮಣ್ಣಾದವು. ಗೋಡೆಗಳು, ಮೆಟ್ಟಿಲುಗಳು, ಹೊಲಗಳು ನಿಂತಲ್ಲೇ ನಿಂತಿವೆ.

ಇದು ಹೇಗೆ ಸಾಧ್ಯವಾಯಿತು? ಅದರ ಗುಟ್ಟು ಪ್ರವಾಸಿಗರ ಛಾಯಾಚಿತ್ರಗಳಲ್ಲಿ ಸಿಗುವುದಿಲ್ಲ. ಅದು ಇರುವುದು ನೆಲದ ಕೆಳಗೆ.

ಅರಸನ ಬಿಡಾರ

ಇಂಕಾಗಳು ಮೊದಲಿಗೆ ಕುಸ್ಕೊ ಕಣಿವೆಯ ಒಂದು ಸಣ್ಣ ಜನಾಂಗ. ಹದಿನೈದನೆಯ ಶತಮಾನದಲ್ಲಿ ಪಚಕುಟಿ ಎಂಬ ಅರಸನ ಕಾಲದಿಂದ ಅವರು ವೇಗವಾಗಿ ಬೆಳೆದರು. ನೂರು ವರ್ಷ ತುಂಬುವುದರೊಳಗೆ ಅವರ ರಾಜ್ಯ ಇಂದಿನ ಕೊಲಂಬಿಯಾದ ದಕ್ಷಿಣ ಅಂಚಿನಿಂದ ಚಿಲಿ, ಅರ್ಜೆಂಟೀನಾಗಳವರೆಗೆ ಸುಮಾರು 4,000 ಕಿಲೋಮೀಟರ್ ಉದ್ದಕ್ಕೆ ಹಬ್ಬಿತು. ತಮ್ಮ ರಾಜ್ಯವನ್ನು ಅವರು ಕರೆಯುತ್ತಿದ್ದುದು ‘ತವಾಂತಿನ್‌ಸುಯು’ ಎಂದು. ನಾಲ್ಕು ಸೀಮೆಗಳ ಕೂಟ ಎಂದು ಅದರ ಅರ್ಥ.

ಈ ಸಾಮ್ರಾಜ್ಯ ಕಟ್ಟಿದವರಿಗೆ ಕಬ್ಬಿಣ ಗೊತ್ತಿರಲಿಲ್ಲ. ಗಾಡಿಯ ಚಕ್ರ ಇರಲಿಲ್ಲ. ಹೊರೆ ಹೊರಲು ಇದ್ದದ್ದು ಮನುಷ್ಯನ ಬೆನ್ನು ಮತ್ತು ಲಾಮಾ ಎಂಬ ಒಂಟೆಯ ಜಾತಿಯ ಸಾಧು ಪ್ರಾಣಿ. ಲಾಮಾ ಹೊರುವುದು ಸುಮಾರು 25–30 ಕಿಲೋ ಮಾತ್ರ. ಅದರ ಮೇಲೆ ಸವಾರಿ ಮಾಡುವಂತಿಲ್ಲ, ನೇಗಿಲಿಗೂ ಅದು ಒಗ್ಗದು. ಬರೆಯಲು ಅಕ್ಷರಗಳೂ ಇರಲಿಲ್ಲ. ಬಣ್ಣದ ದಾರಗಳಿಗೆ ಗಂಟು ಹಾಕಿದ ‘ಕಿಪು’ಗಳಲ್ಲಿ ಜನಗಣತಿ, ಕಣಜದ ಲೆಕ್ಕ ಎಲ್ಲವನ್ನೂ ಇಡುತ್ತಿದ್ದರು. ಗಂಟಿನ ಬಗೆ ಮತ್ತು ಅದು ದಾರದಲ್ಲಿರುವ ಸ್ಥಾನ ನೋಡಿ ಬಿಡಿ, ಹತ್ತು, ನೂರು, ಸಾವಿರ ಎಂದು ಓದಬಹುದಿತ್ತು. ನಮ್ಮ ದಶಮಾಂಶ ಪದ್ಧತಿಯನ್ನೇ ಅವರು ದಾರದಲ್ಲಿ ಬಿಗಿದಿದ್ದರು.

ಮಾಚು ಪಿಚ್ಚು ಈ ರಾಜ್ಯದ ರಾಜಧಾನಿಯಲ್ಲ, ಕೋಟೆಯೂ ಅಲ್ಲ. ಕುಸ್ಕೊ ನಗರದಿಂದ ವಾಯವ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದ ಈ ಸ್ಥಳ ಪಚಕುಟಿಯ ಖಾಸಾ ಬಿಡಾರವಾಗಿತ್ತು ಎಂಬುದು ಈಗ ಬಹುಪಾಲು ವಿದ್ವಾಂಸರು ಒಪ್ಪಿರುವ ಮಾತು. ಕುಸ್ಕೊದ ಎತ್ತರ 3,400 ಮೀಟರ್. ಅಲ್ಲಿಯ ಚಳಿಗಾಲ ಕಠಿಣ. ಸಾವಿರ ಮೀಟರ್ ಕೆಳಗಿರುವ ಈ ಬೆಟ್ಟದಲ್ಲಿ ಹವೆ ಹಿತವಾಗಿರುತ್ತದೆ. ಅರಸ ಪರಿವಾರದೊಡನೆ ಇಲ್ಲಿಗೆ ಬಂದು ಕೆಲವು ಕಾಲ ತಂಗುತ್ತಿದ್ದ. ಊರಿನ ಗೋರಿಗಳಲ್ಲಿ ಸಿಕ್ಕ ಅಸ್ಥಿಗಳನ್ನು ರೇಡಿಯೋ ಕಾರ್ಬನ್ ವಿಧಾನದಿಂದ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಇಲ್ಲಿ ಜನವಾಸವಿದ್ದದ್ದು ಸುಮಾರು 1420ರಿಂದ 1530ರವರೆಗೆ. ಅಂದರೆ ಬರಿಯ ನೂರಹತ್ತು ವರ್ಷ. ಅಷ್ಟು ಅಲ್ಪಾವಧಿಯ ಊರಿಗಾಗಿ ಎಷ್ಟು ಕೆಲಸ ನಡೆದಿತ್ತು ಎಂಬುದು ತಿಳಿದದ್ದು ಬಹಳ ತಡವಾಗಿ.

ಹೂತುಹೋದ ಶ್ರಮ

1994ರಿಂದ ಕೆಲವು ವರ್ಷ ಅಮೆರಿಕದ ನೀರಾವರಿ ಎಂಜಿನಿಯರ್ ಕೆನೆತ್ ರೈಟ್ ಮತ್ತು ಪೆರುವಿನ ಪುರಾತತ್ವಜ್ಞ ಅಲ್ಫ್ರೆಡೊ ವಲೆನ್ಸಿಯಾ ಈ ಊರಿನ ನೀರಿನ ವ್ಯವಸ್ಥೆಯನ್ನು ಅಳೆದು, ಅಗೆದು ನೋಡಿದರು. ಗುಡಿ, ಅರಮನೆಗಳನ್ನು ಬಿಟ್ಟು ಅವರು ಗಮನ ಕೊಟ್ಟದ್ದು ಬುನಾದಿಗೆ. ಊರು ಕಟ್ಟಲು ಬಿದ್ದ ಶ್ರಮದಲ್ಲಿ ಸುಮಾರು ಶೇಕಡಾ 60ರಷ್ಟು ನೆಲದ ಅಡಿಯಲ್ಲೇ ಇದೆ ಎಂದು ರೈಟ್ ಅಂದಾಜು ಮಾಡಿದರು. ಇಂದು ಕಣ್ಣಿಗೆ ಕಾಣುವ ಮಾಚು ಪಿಚ್ಚು ಇಡೀ ಕೆಲಸದ ಅರ್ಧಕ್ಕಿಂತ ಕಡಿಮೆ!

ಬೆಟ್ಟದ ಇಳಿಜಾರನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿ ಮಾಡಿದ ಹೊಲಗಳನ್ನೇ ನೋಡಿ. ಮೇಲ್ನೋಟಕ್ಕೆ ಅವು ಕಲ್ಲಿನ ತಡೆಗೋಡೆ ಕಟ್ಟಿ ಮಣ್ಣು ತುಂಬಿದ ತಾಕುಗಳು. ಅಗೆದರೆ ಕಾಣುವುದೇ ಬೇರೆ. ಎಲ್ಲಕ್ಕಿಂತ ಕೆಳಗೆ ದಪ್ಪ ಕಲ್ಲುಗಳ ಹಾಸು. ಅದರ ಮೇಲೆ ಜಲ್ಲಿ ಮತ್ತು ಮರಳು ಬೆರೆತ ಪದರ. ಅದರ ಮೇಲೆ ಕಪ್ಪಗಿನ ಫಲವತ್ತಾದ ಮಣ್ಣು. ಮಳೆನೀರು ಮಣ್ಣಿನಲ್ಲಿ ಹಿಂಗುತ್ತದೆ, ಬೆಳೆಗೆ ಬೇಕಾದಷ್ಟು ತೇವ ಉಳಿಯುತ್ತದೆ, ಮಿಕ್ಕಿದ್ದು ಜಲ್ಲಿಯ ಮೂಲಕ ಸೋಸಿ ಕೆಳಗಿಳಿದು ಸದ್ದಿಲ್ಲದೆ ಹೊರಹೋಗುತ್ತದೆ. ಶಾಲೆಯ ಪ್ರಯೋಗಶಾಲೆಯಲ್ಲಿ ಮರಳು, ಇದ್ದಿಲು ತುಂಬಿ ನೀರು ಸೋಸುವ ಮಡಕೆಯನ್ನು ಕಂಡವರಿಗೆ ಈ ಉಪಾಯ ಕೂಡಲೇ ಅರ್ಥವಾದೀತು.

ಹೀಗೆ ಮಾಡದಿದ್ದರೆ ಏನಾಗುತ್ತಿತ್ತು? ನೀರು ಕುಡಿದ ಮಣ್ಣಿನ ತೂಕ ಹೆಚ್ಚುತ್ತದೆ; ಕಣಗಳ ನಡುವಿನ ಹಿಡಿತ ಸಡಿಲವಾಗುತ್ತದೆ; ತಡೆಗೋಡೆಯ ಹಿಂದೆ ಒತ್ತಡ ಏರಿ ಒಂದು ದಿನ ಗೋಡೆ ಒಡೆಯುತ್ತದೆ. ಮೇಲಿನ ಮೆಟ್ಟಿಲು ಕೆಳಗಿನದರ ಮೇಲೆ, ಅದು ಇನ್ನೊಂದರ ಮೇಲೆ ಉರುಳುತ್ತದೆ. ಆದ್ದರಿಂದ ಈ ಹೊಲಗಳ ಮೊದಲ ಕೆಲಸ ಬೆಟ್ಟವನ್ನು ಹಿಡಿದು ನಿಲ್ಲಿಸುವುದು; ಬೆಳೆ ಕೊಡುವುದು ಆಮೇಲಿನದು. ಊರಿನ ನಡುವಿನ ಹಸಿರು ಮೈದಾನದ ಕೆಳಗೂ ಕಲ್ಲು ಕೆತ್ತಿದಾಗ ಉದುರಿದ ಚಕ್ಕೆಗಳನ್ನು ದಪ್ಪನಾಗಿ ತುಂಬಿದ್ದಾರೆ. ಕಲ್ಲುಕುಟಿಗರ ಕಸವೇ ನೀರು ಹರಿಯುವ ದಾರಿಯಾಯಿತು. ಗೋಡೆಗಳಲ್ಲಿ, ಕಟ್ಟೆಗಳಲ್ಲಿ ಬಿಟ್ಟ ನೀರುಗಂಡಿಗಳನ್ನು ರೈಟ್ ತಂಡ ಎಣಿಸಿದಾಗ 129 ಸಿಕ್ಕವು.

ಕುಡಿಯುವ ನೀರಿನ ಏರ್ಪಾಟು ಇಷ್ಟೇ ಸೂಕ್ಷ್ಮವಾದದ್ದು. ಬೆಟ್ಟದ ಮಗ್ಗುಲಲ್ಲಿ ಒಂದು ಒರತೆಯಿದೆ. ಅಲ್ಲಿಂದ 749 ಮೀಟರ್ ಉದ್ದದ ಕಲ್ಲಿನ ಕಾಲುವೆಯಲ್ಲಿ ನೀರು ಊರೊಳಗೆ ಬಂದು, ಒಂದರ ಕೆಳಗೊಂದರಂತೆ ಕಟ್ಟಿದ 16 ಕಲ್ಲಿನ ಬಾನಿಗಳಿಗೆ ಇಳಿಯುತ್ತದೆ. ಕೊಡ ಹಿಡಿಯಲು ಅನುಕೂಲವಾಗುವಂತೆ ನೀರು ಸಣ್ಣ ಧಾರೆಯಾಗಿ ಬೀಳುವ ಹಾಗೆ ತುಟಿ ಕೆತ್ತಿದ್ದಾರೆ. ಮೊದಲನೆಯ ಬಾನಿ ಇರುವುದು ಅರಸನ ಮನೆಯ ಬಳಿ, ಉಳಿದವರಿಗೆಲ್ಲ ಆಮೇಲೆ. ಮಳೆಯ ಕೊಳೆನೀರು ಕುಡಿಯುವ ನೀರಿಗೆ ಸೇರದಂತೆ ಬೇರೆ ದಾರಿ ಹಿಡಿಸಿದ್ದಾರೆ. ಊರಿನ ವಿಸ್ತಾರವನ್ನು ಒರತೆಯ ನೀರಿನ ಅಳತೆಗೆ ಹೊಂದಿಸಿರುವುದೂ ಕಾಣುತ್ತದೆ. ನೀರು ನೋಡಿ ಊರು ಕಟ್ಟಿದ ಜನ ಅವರು.

ಇನ್ನು ಕಟ್ಟಡಗಳು. ಸುಮಾರು 200 ಇವೆ. ಮುಖ್ಯವಾದವುಗಳಲ್ಲಿ ಗಾರೆಯಿಲ್ಲದೆ ಗ್ರಾನೈಟ್ ಕಲ್ಲುಗಳನ್ನು ಒಂದಕ್ಕೊಂದು ಬೆಸೆದಂತೆ ಕೂರಿಸಿದ್ದಾರೆ. ಕೆತ್ತನೆಗೆ ಬಳಸಿದ್ದು ಗಟ್ಟಿಯಾದ ಕಲ್ಲಿನ ಗುಂಡುಗಳು ಮತ್ತು ಕಂಚಿನ ಉಪಕರಣಗಳು. ಗೋಡೆಗಳು ಒಳಮುಖವಾಗಿ ತುಸು ಓರೆ. ಬಾಗಿಲು, ಕಿಟಕಿಗಳು ಬುಡದಲ್ಲಿ ಅಗಲ, ತಲೆಯಲ್ಲಿ ಕಿರಿದು. ಭೂಕಂಪಗಳ ನಾಡಿನಲ್ಲಿ ಇದು ಬದುಕಿ ಕಲಿತ ಪಾಠ. ಈ ಬೆಟ್ಟದಲ್ಲಿ ಭೂಪದರದ ಬಿರುಕುಗಳು ಒಂದನ್ನೊಂದು ಅಡ್ಡಹಾಯುತ್ತವೆ ಎಂದು ಬ್ರೆಜಿಲ್ ದೇಶದ ಭೂವಿಜ್ಞಾನಿ ರುಆಲ್ಡೊ ಮೆನೆಗಾಟ್ 2019ರಲ್ಲಿ ವಿವರಿಸಿದರು. ಬಿರುಕು ಬಿಟ್ಟ ಬೆಟ್ಟದಲ್ಲಿ ಕಲ್ಲು ಸುಲಭವಾಗಿ ಏಳುತ್ತದೆ, ಮಳೆನೀರೂ ಬೇಗ ಇಳಿದುಹೋಗುತ್ತದೆ. ಅಪಾಯವೆಂದು ನಾವು ದೂರವಿಡುವ ಜಾಗವನ್ನೇ ಅವರು ಉಪಯೋಗಕ್ಕೆ ತಂದುಕೊಂಡರು ಎಂಬುದು ಅವರ ವಾದ.

ಉಂಡದ್ದು, ದುಡಿದದ್ದು

ಊರಿನ ಖಾಯಂ ನಿವಾಸಿಗಳು ಸುಮಾರು 300 ಜನ. ಅರಸ ಬಂದಾಗ ಸಾವಿರದವರೆಗೆ ಏರುತ್ತಿತ್ತೆಂದು ಅಂದಾಜು. ಮೆಟ್ಟಿಲು ಹೊಲಗಳ ಒಟ್ಟು ವಿಸ್ತೀರ್ಣ ಐದು ಹೆಕ್ಟೇರಿಗೂ ಕಡಿಮೆ. ಅಷ್ಟರಲ್ಲಿ ಇಷ್ಟು ಹೊಟ್ಟೆ ತುಂಬದು. ಆದ್ದರಿಂದ ಸುತ್ತಲ ಕಣಿವೆಗಳಿಂದ ಆಹಾರ ಹೊತ್ತು ತರಬೇಕಾಗಿತ್ತು. ಅಸ್ಥಿಗಳ ರಾಸಾಯನಿಕ ಪರೀಕ್ಷೆಯಿಂದ ಇಲ್ಲಿನವರ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಮುಸುಕಿನ ಜೋಳದ್ದೆಂದು ತಿಳಿದಿದೆ. ಅದೇ ಜೋಳವನ್ನು ಮೊಳಕೆ ಬರಿಸಿ ‘ಚಿಚಾ’ ಎಂಬ ಪಾನೀಯ ಮಾಡುತ್ತಿದ್ದರು. ಹಬ್ಬಕ್ಕೂ ಅದು ಬೇಕು, ಕೆಲಸಕ್ಕೆ ಕರೆದವರ ಉಪಚಾರಕ್ಕೂ ಅದು ಬೇಕು.

ಮೇಲಿನ ಚಳಿ ನಾಡಿನ ಜನಕ್ಕೆ ಆಲೂಗಡ್ಡೆಯೇ ಆಧಾರ. ಹಾಸನದ ಹೊಲಗಳಲ್ಲಿ ಬೆಳೆಯುವ, ಕರಾವಳಿಯವರು ಪೋರ್ಚುಗೀಸರ ಮಾತಿನಿಂದ ಪಡೆದು ‘ಬಟಾಟೆ’ ಎನ್ನುವ ಈ ಗಡ್ಡೆಯ ತವರು ಆಂಡೀಸ್ ಸೀಮೆಯೇ. ಅಲ್ಲಿನ ಕೆಚುವಾ ಭಾಷೆಯಲ್ಲಿ ಅದು ‘ಪಾಪಾ’. ಅದನ್ನು ವರ್ಷಗಟ್ಟಲೆ ಕೆಡದಂತೆ ಇಡುವ ವಿದ್ಯೆಯನ್ನು ಇಂಕಾಗಳಿಗಿಂತ ಹಿಂದಿನವರೇ ಕಂಡುಕೊಂಡಿದ್ದರು. ಜೂನ್–ಜುಲೈ ತಿಂಗಳಲ್ಲಿ ಸುಮಾರು 4,000 ಮೀಟರ್ ಎತ್ತರದ ಬಯಲಿನಲ್ಲಿ ಗಡ್ಡೆಗಳನ್ನು ಹರಡುತ್ತಾರೆ. ರಾತ್ರಿಯ ಕೊರೆತಕ್ಕೆ ಗಡ್ಡೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳನ್ನು ಸೀಳುತ್ತದೆ. ಹಗಲ ಬಿಸಿಲಿಗೆ ಕರಗಿದಾಗ ಬರಿಗಾಲಿನಿಂದ ತುಳಿದು ನೀರು ಹಿಂಡುತ್ತಾರೆ. ಕೆಲವು ದಿನ ಹೀಗೆ ಮಾಡಿ ಒಣಗಿಸಿದರೆ ಹಗುರವಾದ, ಕಲ್ಲಿನಂತೆ ಗಟ್ಟಿಯಾದ ‘ಚುನ್ಯೊ’ ಸಿದ್ಧ. ಇಂದು ಕಾರ್ಖಾನೆಗಳು ಯಂತ್ರದಿಂದ ಮಾಡುವ ಶೀತಶುಷ್ಕ ಆಹಾರಕ್ಕೆ ಇದು ಹಿರಿಯಣ್ಣ. ಆಂಡೀಸ್ ಹಳ್ಳಿಗಳಲ್ಲಿ ಈಗಲೂ ಇದನ್ನು ಮಾಡುತ್ತಾರೆ.

ಇಂಕಾ ನಾಡಿನಲ್ಲಿ ನಾಣ್ಯ ಇರಲಿಲ್ಲ. ತೆರಿಗೆಯೆಂದರೆ ದುಡಿಮೆ. ಪ್ರತಿ ಕುಟುಂಬವೂ ಸರದಿಯ ಮೇಲೆ ರಾಜ್ಯದ ಕೆಲಸಕ್ಕೆ ಆಳು ಕಳಿಸಬೇಕು. ಇದಕ್ಕೆ ‘ಮಿತ’ ಎಂದು ಹೆಸರು. ಕೆಲಸದ ಕಾಲದಲ್ಲಿ ಊಟ, ಚಿಚಾ ಕೊಡುವ ಹೊಣೆ ರಾಜ್ಯದ್ದು. ಹಳ್ಳಿಯೊಳಗೆ ಮಾತ್ರ ಮುಯ್ಯಾಳಿನ ಪದ್ಧತಿ. ಇಂದು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಇದನ್ನು ಅವರು ‘ಐನಿ’ ಎನ್ನುತ್ತಾರೆ.

ಇದೆಲ್ಲ ಕೇಳಲು ಸೊಗಸು. ಆದರೆ ಅರಸನ ಅಪ್ಪಣೆಯ ಮೇಲೆ ತವರು ಬಿಟ್ಟು ಹೊರಟವರೂ ಇದ್ದರು. ಮಾಚು ಪಿಚ್ಚುವಿನ ಗೋರಿಗಳು ಅವರ ಕಥೆ ಹೇಳುತ್ತವೆ. 1912ರ ಉತ್ಖನನದ ಅಸ್ಥಿಗಳಲ್ಲಿ ಬಹುಪಾಲು ಹೆಂಗಸರದು ಎಂದು ಆಗಿನ ತಜ್ಞರು ತಪ್ಪಾಗಿ ಗುರುತಿಸಿದ್ದರಿಂದ, ಇದು ‘ಸೂರ್ಯಕನ್ಯೆಯರ’ ಮಠವೆಂಬ ಕಥೆ ಬಹಳ ಕಾಲ ಓಡಾಡಿತು. ಮುಂದೆ ಅವೇ ಅಸ್ಥಿಗಳನ್ನು ಮತ್ತೆ ಪರೀಕ್ಷಿಸಿದಾಗ ಗಂಡಸರೂ ಹೆಂಗಸರೂ ಹೆಚ್ಚುಕಡಿಮೆ ಸಮಸಂಖ್ಯೆಯಲ್ಲಿದ್ದರು, ಮಕ್ಕಳೂ ಇದ್ದರು. ಇವರು ಅರಸನ ಮನೆಯ ಊಳಿಗದವರು, ಕುಶಲಕರ್ಮಿಗಳು ಎಂಬುದು ವಿದ್ವಾಂಸರ ಅಭಿಪ್ರಾಯ.

ಅಲ್ಲಿ ಹೂಳಲಾಗಿದ್ದ 34 ಜನರ ವಂಶವಾಹಿಗಳ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಅವರ ಮೂಲಗಳು ಪೆಸಿಫಿಕ್ ಕರಾವಳಿಯಿಂದ ಹಿಡಿದು ಅಮೆಜಾನ್ ಕಾಡಿನವರೆಗೆ ರಾಜ್ಯದ ಉದ್ದಗಲಕ್ಕೂ ಚದುರಿದ್ದವು. ಒಂದು ಊರಿನ ಸ್ಮಶಾನದಲ್ಲಿ ಸಾಮಾನ್ಯವಾಗಿ ಅಪ್ಪ, ಮಗ, ಅಣ್ಣ, ತಮ್ಮ ಎಂದು ನಂಟಸ್ತಿಕೆ ಕಾಣಬೇಕು. ಇಲ್ಲಿ ಸಿಕ್ಕ ಹತ್ತಿರದ ರಕ್ತಸಂಬಂಧ ಒಂದೇ; ಒಬ್ಬ ತಾಯಿ ಮತ್ತು ಆಕೆಯ ಮಗಳು. ಉಳಿದವರು ಒಬ್ಬೊಬ್ಬರಾಗಿ ಬಂದವರು, ಒಬ್ಬೊಬ್ಬರಾಗಿ ಮಣ್ಣಾದವರು. ಕಾಲುವೆ ಅಗೆದವರ, ಜಲ್ಲಿ ಹೊತ್ತವರ ಗೋರಿಗಳು ಇವಲ್ಲ. ಅವರ ಹೆಸರನ್ನು ಯಾವ ಕಿಪುವೂ ಉಳಿಸಿಕೊಟ್ಟಿಲ್ಲ.

ಕಳೆಯದೆ ಸಿಕ್ಕ ಊರು

1532ರಲ್ಲಿ ಪಿಜಾರೊನ ಸ್ಪ್ಯಾನಿಷ್ ಪಡೆ ಇಂಕಾ ಅರಸ ಅತವಾಲ್ಪನನ್ನು ಸೆರೆಹಿಡಿಯಿತು, ಮರುವರ್ಷ ಕೊಂದಿತು. ಸಿಡುಬಿನಂಥ ಹೊಸ ರೋಗಗಳು ಕತ್ತಿಗಿಂತ ಹೆಚ್ಚು ಜನರನ್ನು ತಿಂದವು. ಅರಸನೇ ಇಲ್ಲವೆಂದ ಮೇಲೆ ಅರಸನ ಬಿಡಾರಕ್ಕೆ ಅಕ್ಕಿಬೇಳೆ ಹೊರುವವರು ಯಾರು? ಜನ ಬೆಟ್ಟ ಇಳಿದು ಹೋದರು. ಸ್ಪ್ಯಾನಿಷರು ಕುಸ್ಕೊದ ಗುಡಿಗಳನ್ನು ಕೆಡವಿದಂತೆ ಇದನ್ನು ಕೆಡವಲಿಲ್ಲ. ಊರನ್ನು ಕಾಡು ಆವರಿಸಿತು.

1911ರ ಜುಲೈ 24ರಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಹೈರಮ್ ಬಿಂಗಮ್ ಇದನ್ನು ‘ಕಂಡುಹಿಡಿದ’ ಎಂದು ಪುಸ್ತಕಗಳು ಹೇಳುತ್ತವೆ. ಅಂದು ಆತನಿಗೆ ದಾರಿ ತೋರಿಸಿದವನು ಕಣಿವೆಯ ರೈತ ಮೆಲ್ಚೋರ್ ಅರ್ತೆಯಾಗ. ಮೇಲೆ ಹತ್ತಿದಾಗ ಅಲ್ಲಿ ರಿಚಾರ್ತೆ ಮತ್ತು ಅಲ್ವಾರೆಸ್ ಎಂಬ ಎರಡು ರೈತ ಕುಟುಂಬಗಳು ಸಂಸಾರ ಹೂಡಿದ್ದವು. ತೆರಿಗೆಯವರು, ಸೈನ್ಯಕ್ಕೆ ಆಳು ಹಿಡಿಯುವವರು ಅಷ್ಟು ಮೇಲೆ ಬರುವುದಿಲ್ಲವೆಂಬ ನೆಮ್ಮದಿ ಅವರಿಗಿತ್ತು. ಸೋರೆಬುರುಡೆಯಲ್ಲಿ ತಣ್ಣೀರು, ಬೇಯಿಸಿದ ಗೆಣಸು ಕೊಟ್ಟು ಅತಿಥಿಯನ್ನು ಉಪಚರಿಸಿದರು. ಅವರ ಹುಡುಗನೊಬ್ಬ ಬಿಂಗಮ್‌ನನ್ನು ಕರೆದುಕೊಂಡು ಹೋಗಿ ಗೋಡೆಗಳನ್ನು ತೋರಿಸಿದ. ಒಂದು ಗೋಡೆಯ ಮೇಲೆ ಕುಸ್ಕೊ ಸೀಮೆಯ ಅಗುಸ್ತಿನ್ ಲಿಸಾರಾಗ ಎಂಬುವನ ಹೆಸರೂ 1902 ಎಂಬ ಇಸವಿಯೂ ಇದ್ದಿಲಿನಲ್ಲಿ ಬರೆದಿದ್ದವು.

ಆ ಎರಡು ಕುಟುಂಬಗಳು ಉಳುತ್ತಿದ್ದದ್ದು ಇಂಕಾಗಳ ಅದೇ ಮೆಟ್ಟಿಲು ಹೊಲಗಳನ್ನು. ನಾನೂರು ವರ್ಷದ ಹಿಂದೆ ಯಾರೋ ಹಾಸಿದ ಜಲ್ಲಿಯ ಮೇಲಿನ ಮಣ್ಣು ಜೋಳ, ಆಲೂಗಡ್ಡೆ ಕೊಡುತ್ತಲೇ ಇತ್ತು.

ಬಿಂಗಮ್ ಸಾಗಿಸಿದ ಸಾವಿರಾರು ವಸ್ತುಗಳು ಯೇಲ್‌ನಲ್ಲಿ ಸುಮಾರು ನೂರು ವರ್ಷ ಉಳಿದವು. ಪೆರು ಸರ್ಕಾರ ಪಟ್ಟು ಹಿಡಿದ ಮೇಲೆ 2010ರಲ್ಲಿ ಒಪ್ಪಂದವಾಗಿ, 2011 ಮತ್ತು 2012ರಲ್ಲಿ ಅವು ಮರಳಿ ಬಂದವು. ಈಗ ಕುಸ್ಕೊದ ಕಾಸಾ ಕೊಂಚಾ ವಸ್ತುಸಂಗ್ರಹಾಲಯದಲ್ಲಿ ಅವನ್ನು ನೋಡಬಹುದು. ಆ ವೇಳೆಗೆ ಊರಿಗೆ ಲೋಕವೇ ಬರತೊಡಗಿತ್ತು. ಯುನೆಸ್ಕೊ 1983ರಲ್ಲಿ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. 2019ರಲ್ಲಿ 15 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಮುನ್ನೂರು ಜನರ ನಡಿಗೆಗೆಂದು ಕಟ್ಟಿದ ಮೆಟ್ಟಿಲುಗಳಿಗೆ ಇದು ಸಣ್ಣ ಹೊರೆಯಲ್ಲ. ಅದಕ್ಕಾಗಿ ಗೊತ್ತಾದ ವೇಳೆಯ ಟಿಕೆಟ್, ಗೊತ್ತಾದ ದಾರಿ ಎಂಬ ಕಟ್ಟಳೆ ಬಂದಿದೆ. 2024ರಲ್ಲಿ ದಿನದ ಮಿತಿಯನ್ನು 4,500ಕ್ಕೆ, ಕೆಲವು ದಟ್ಟಣೆಯ ದಿನಗಳಲ್ಲಿ 5,600ಕ್ಕೆ ಏರಿಸಲಾಯಿತು. ಮಿತಿಯೆಂಬುದೂ ಮೇಲಕ್ಕೇ ಹೋಗುತ್ತಿದೆ!

ಇಂದಿಗೂ ಹೊರುವ ಬೆನ್ನು

ಬೆಟ್ಟಗಳ ನಡುವೆ ನಾಲ್ಕು ದಿನ ನಡೆದು ಬರುವವರಿಗಾಗಿ ಹಳೆಯ ಇಂಕಾ ಹಾದಿ ತೆರೆದಿದೆ. ಡೇರೆ, ಒಲೆ, ಅಡುಗೆ ಸಾಮಾನು ಹೊತ್ತು ಪ್ರವಾಸಿಗರಿಗಿಂತ ಮೊದಲೇ ಮುಂದಿನ ತಂಗುದಾಣ ಮುಟ್ಟುವವರು ಕೆಚುವಾ ಮಾತನಾಡುವ ಹಳ್ಳಿಗಳ ರೈತರು. ಒಬ್ಬನ ಹೊರೆ 20 ಕಿಲೋ ಮೀರಬಾರದೆಂದು ಪೆರು 2001ರಲ್ಲಿ ಕಾನೂನು ಮಾಡಬೇಕಾಯಿತು ಎಂದರೆ ಅದಕ್ಕೆ ಮೊದಲು ಎಷ್ಟು ಹೊರಿಸುತ್ತಿದ್ದರೆಂದು ಊಹಿಸಬಹುದು. ಮಳೆ ಜೋರಾಗಿರುವ ಫೆಬ್ರುವರಿಯಲ್ಲಿ ಪ್ರತಿ ವರ್ಷ ಹಾದಿಯನ್ನು ಮುಚ್ಚಿ ದುರಸ್ತಿ ಮಾಡುತ್ತಾರೆ.

ದುರಸ್ತಿಯ ಬೆಲೆ ಆ ಜನಕ್ಕೆ ಗೊತ್ತು. ಕುಸ್ಕೊದ ದಕ್ಷಿಣಕ್ಕೆ, ಅಪುರಿಮಾಕ್ ನದಿಯ ಮೇಲೆ ‘ಕೆಸ್ವಚಾಕ’ ಎಂಬ ಹುಲ್ಲಿನ ಹಗ್ಗದ ತೂಗುಸೇತುವೆಯಿದೆ. ಇಂಕಾ ಕಾಲದ ಪದ್ಧತಿಯಂತೆ ಸುತ್ತಲ ಹಳ್ಳಿಗಳ ಮನೆಮನೆಯವರೂ ಹುಲ್ಲು ಹೊಸೆದು ಪ್ರತಿ ಜೂನ್‌ನಲ್ಲಿ ಅದನ್ನು ಹೊಸದಾಗಿ ನೇಯುತ್ತಾರೆ. ಸಾಂಕ್ರಾಮಿಕ ರೋಗದ 2020ರಲ್ಲಿ ನೇಯಲಾಗಲಿಲ್ಲ. 2021ರ ಮಾರ್ಚ್‌ನಲ್ಲಿ ಸೇತುವೆ ಕಳಚಿ ನದಿಗೆ ಬಿತ್ತು. ಜೂನ್ ಬಂದಾಗ ಊರವರು ಮತ್ತೆ ಹುಲ್ಲು ಕೊಯ್ದು ಹೊಸ ಸೇತುವೆ ನೇಯ್ದರು.

ಮಾಚು ಪಿಚ್ಚುವಿನ ತಪ್ಪಲಲ್ಲಿ ನಮ್ಮ ಕಾಲದ ಕಾಮಗಾರಿಗಳ ಗತಿ ಬೇರೆ. 1998ರಲ್ಲಿ ಮಣ್ಣು, ಬಂಡೆಗಳ ಪ್ರವಾಹ ಹತ್ತಿರದ ಜಲವಿದ್ಯುತ್ ಸ್ಥಾವರವನ್ನು ಹೂತುಹಾಕಿತು. 2010ರ ಜನವರಿಯ ಮಳೆಗೆ ಉರುಬಂಬಾ ಉಕ್ಕಿ ರೈಲು ಹಳಿಗಳನ್ನು ಅಲ್ಲಲ್ಲಿ ಕೊಚ್ಚಿಕೊಂಡು ಹೋಯಿತು. ಕೆಳಗಿನ ಪೇಟೆಯಲ್ಲಿ ಸಿಕ್ಕಿಬಿದ್ದ ಸಾವಿರಾರು ಪ್ರವಾಸಿಗರನ್ನು ಹೆಲಿಕಾಪ್ಟರ್‌ಗಳಲ್ಲಿ ಸಾಗಿಸಬೇಕಾಯಿತು. ರೈಲು ಮತ್ತೆ ಓಡಿ ಊರಿನ ಬಾಗಿಲು ತೆರೆದದ್ದು ಏಪ್ರಿಲ್ 1ರಂದು. ಆ ಮಳೆಯಲ್ಲಿ ಬೆಟ್ಟದ ಮೇಲಿನ ಹಳೆಯ ಊರಿಗೆ ಏನೂ ಆಗಲಿಲ್ಲ.

ಏನೂ ಆಗದಿರಲಿ ಎಂದು ಇಂದಿಗೂ ದುಡಿಯುವವರಿದ್ದಾರೆ. ಗೋಡೆಯ ಸಂದಿಯಲ್ಲಿ ಹುಟ್ಟಿದ ಗಿಡ ಕೀಳುವುದು, ಕಾಲುವೆಗೆ ಬಿದ್ದ ಎಲೆ ತೆಗೆಯುವುದು, ನೀರುಗಂಡಿಗಳನ್ನು ಬಿಡಿಸುವುದು ಇವರ ಕೆಲಸ. ಸೂರ್ಯಗುಡಿಯ ಕಡೆಗೆ ಕ್ಯಾಮೆರಾ ತಿರುಗಿಸಿದವರ ಚಿತ್ರದಲ್ಲಿ ಇವರು ಬರುವುದು ಕಡಿಮೆ. ಮಳೆ ನಿಂತ ಮೇಲೆ, ಪ್ರವಾಸಿಗರ ಗುಂಪು ಮುಂದೆ ಸರಿದ ಮೇಲೆ, ತಡೆಗೋಡೆಯೊಂದರ ಬುಡಕ್ಕೆ ಬಾಗಿ ನೋಡಿದರೆ ಕಲ್ಲಿನ ಕಿಂಡಿಯೊಂದರಿಂದ ನೀರು ಸಣ್ಣಗೆ ಹೊರಬರುವುದು ಕಾಣುತ್ತದೆ. ಜಲ್ಲಿ ಹಾಸಿದ ಆ ಹೆಸರಿಲ್ಲದ ಕೈಗಳ ಕೆಲಸ ಇನ್ನೂ ನಡೆದಿದೆ.